ಹಳೆಯ ಪೇಟೆಗೆ ಹೊಸ ಮಾರುಕಟ್ಟೆ

ಊರಿನ ಹಳೆಯ ಭಾಗದಲ್ಲಿ ಒಂದು ಮಾರುಕಟ್ಟೆ ಇದೆಯೆಂದು ಭಾವಿಸಿಕೊಳ್ಳಿ. ಅದರ ಗೋಡೆಗಳು ಬಿರಿದಿವೆ, ತಾರಸಿ ಸೋರುತ್ತಿದೆ, ತೊಲೆಗಳು ಬಾಗಿವೆ. ಆದರೂ ಬೆಳಗಿನ ಜಾವದಲ್ಲಿ ಹೂವಿನ ಕುಕ್ಕೆಗಳು ಬರುವುದು ನಿಂತಿಲ್ಲ. ಹೊತ್ತೇರುವಷ್ಟರಲ್ಲಿ ತರಕಾರಿಯವರು, ಎಲೆಯವರು, ಬಾಳೆಹಣ್ಣಿನವರು ತಮ್ಮ ತಮ್ಮ ಜಾಗಗಳಲ್ಲಿ ಕುಳಿತಾಗಿದೆ. ಇಂಥ ಕಟ್ಟಡವನ್ನು ಏನು ಮಾಡಬೇಕು? ಕೆಡವಬೇಕೆ, ಉಳಿಸಬೇಕೆ? ಕೆಡವಿದರೆ ಅದರ ಸ್ಥಾನದಲ್ಲಿ ಎಂಥದನ್ನು ಕಟ್ಟಬೇಕು? ಇದು ಇಂಜಿನಿಯರುಗಳೂ ನಗರಸಭೆಯವರೂ ಕುಳಿತು ತೀರ್ಮಾನಿಸತಕ್ಕ ವಿಷಯವೆಂದು ನಾವು ಸುಮ್ಮನಾಗುವುದುಂಟು. ಆದರೆ ಆ ಕಟ್ಟಡದಲ್ಲಿ ದಿನವೂ ಕೊಳ್ಳುವವರು ನಾವು. ಅಲ್ಲಿ ಕುಳಿತು ಬದುಕುವವರು ನಮ್ಮ ನೆರೆಯವರು. ಮೈಸೂರಿನ ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ಈ ಪ್ರಶ್ನೆ ಎದ್ದು ವರ್ಷಗಳೇ ಆದುವು. ಇದಕ್ಕೆ ಉತ್ತರವನ್ನು ಹುಡುಕುವಾಗ ಚರಿತ್ರೆ ನಮಗೆ ಎಷ್ಟರ ಮಟ್ಟಿಗೆ ನೆರವಾದೀತೆಂಬುದನ್ನು ನೋಡೋಣ.

ಮೊದಲು ಶಬ್ದವನ್ನೇ ಬಿಡಿಸಿ ನೋಡಬಹುದು. ‘ಮಾರುಕಟ್ಟೆ’ ಎಂಬುದರ ಮೇಲೆ ಇಂಗ್ಲಿಷಿನ ‘ಮಾರ್ಕೆಟ್’ ಶಬ್ದದ ನೆರಳು ಬಿದ್ದಿದ್ದರೂ ನಮ್ಮ ಕಿವಿಗೆ ಅದು ‘ಮಾರುವ ಕಟ್ಟೆ’ ಎಂದೇ ಕೇಳಿಸುತ್ತದೆ. ಕಟ್ಟೆ ಎಂದರೆ ನೆಲದಿಂದ ಸ್ವಲ್ಪ ಎತ್ತರಿಸಿದ ಜಗುಲಿ. ಅಶ್ವತ್ಥದ ಮರಕ್ಕೆ ಕಟ್ಟೆಯುಂಟು, ಬಾವಿಗೆ ಕಟ್ಟೆಯುಂಟು. ಮಾರುವವನಿಗೂ ಅದು ಬೇಕು. ಮಳೆಯ ನೀರು ಸರಕನ್ನು ಮುಟ್ಟಬಾರದು; ಮಾರುವವನು ಕುಳಿತಲ್ಲಿಂದಲೇ ತೂಗಿ ಕೊಡುವಂತಿರಬೇಕು; ಕೊಳ್ಳುವವನು ಹೆಚ್ಚು ಬಗ್ಗದೆ ಸೊಪ್ಪನ್ನು ತಿರುವಿ ನೋಡುವಂತಿರಬೇಕು. ಈ ಮೂರು ಅವಶ್ಯಕತೆಗಳಿಂದ ಕಟ್ಟೆ ಹುಟ್ಟಿತು. ಬಿಸಿಲಿಗಾಗಿ ಕಟ್ಟೆಯ ಮೇಲೊಂದು ಮಾಡು ಬಂದಿತು. ಕಟ್ಟೆಗಳು ಸಾಲಾದಾಗ ನಡುವೆ ಓಣಿಯಾಯಿತು. ಓಣಿಗಳು ಕೂಡಿದಲ್ಲಿ ಅಂಗಳವಾಯಿತು, ಅದಕ್ಕೆ ಬಾಗಿಲಾಯಿತು. ಮಾರುಕಟ್ಟೆಯ ಕಟ್ಟಡ ಹೀಗೆ ಒಳಗಿನಿಂದ ಹೊರಕ್ಕೆ ಬೆಳೆಯತಕ್ಕದ್ದು. ಬೀದಿಗೆ ಕಾಣುವ ಮುಖ ಕಟ್ಟಕಡೆಗೆ ಬರುವ ಮಾತು. ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಸಂಗತಿಗಳೆಲ್ಲ ತಾವಾಗಿಯೇ ತಿಳಿಯುತ್ತವೆ.

ಕನ್ನಡ ನಾಡಿನಲ್ಲಿ ವ್ಯಾಪಾರದ ಸ್ಥಳಕ್ಕೆ ಬಹು ಹಿಂದಿನಿಂದಲೂ ಗೌರವವಿದ್ದಿತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರನ್ನು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ವ್ಯಾಪಾರದ ಊರಿಗೆ ಪಟ್ಟಣಸ್ವಾಮಿಯೆಂಬ ಮುಖ್ಯಸ್ಥನಿರುತ್ತಿದ್ದನು. ಸಂತೆಯ ಸುಂಕದಲ್ಲಿ ಒಂದು ಪಾಲನ್ನು ದೇವರ ನಂದಾದೀಪಕ್ಕೋ ನೈವೇದ್ಯಕ್ಕೋ ಬಿಟ್ಟುಕೊಡುವುದೂ ವಾಡಿಕೆಯಾಗಿದ್ದಿತು. ಬೆಂಗಳೂರಿನ ಹಳೆಯ ಪೇಟೆಯನ್ನು ನೋಡಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ. ಬೀದಿಯ ಹೆಸರೇ ಅಲ್ಲಿಯ ಸರಕನ್ನೋ ಕಸುಬನ್ನೋ ಹೇಳುತ್ತದೆ. ಯಾವುದು ಎಲ್ಲಿ ಸಿಕ್ಕುತ್ತದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಂಗಡಿ ಬೀದಿಯನ್ನೇ ವಾಸ್ತುಶಿಲ್ಪವಾಗಿ ಕಲ್ಲಿನಲ್ಲಿ ನಿಲ್ಲಿಸಿದ್ದನ್ನು ಹಂಪೆಯಲ್ಲಿ ಕಾಣುತ್ತೇವೆ. ವಿರೂಪಾಕ್ಷ ದೇವಾಲಯದ ಮುಂದೆ ಪೂರ್ವಕ್ಕೆ ಚಾಚಿರುವ ರಥಬೀದಿಯ ಎರಡು ಪಕ್ಕಗಳಲ್ಲಿಯೂ ಕಲ್ಲುಕಂಬದ ಮಂಟಪಗಳ ಸಾಲಿದೆ. ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಮುಂದೆಯೂ ಇದೇ ಕ್ರಮ. ಎತ್ತರಿಸಿದ ಜಗುಲಿ, ಮೇಲೆ ಕಲ್ಲಿನ ಮಾಡು, ಮುಂದೆ ಅಗಲವಾದ ಬೀದಿ. ಕಟ್ಟೆಯ ತತ್ತ್ವವೇ ಇಲ್ಲಿ ರಾಜವೈಭವವನ್ನು ತಾಳಿ ನಿಂತಿದೆ. ೧೪೪೩ರಲ್ಲಿ ಪಾರಸೀಕ ದೇಶದಿಂದ ಬಂದ ರಾಯಭಾರಿ ಅಬ್ದುರ್ ರಜಾಕನು ಈ ನಗರದ ಜನರಿಗೆ ಗುಲಾಬಿಯ ಮೇಲಿದ್ದ ಪ್ರೀತಿಯನ್ನು ಕಂಡು ಬೆರಗಾಗಿ ಬರೆದಿದ್ದಾನೆ. ೧೫೨೦ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನೂ ಇಲ್ಲಿಯ ಅಂಗಡಿ ಬೀದಿಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ೧೫೬೫ರ ಯುದ್ಧದ ತರುವಾಯ ನಗರ ಹಾಳಾಯಿತು.

ಆದರೆ ವಿರೂಪಾಕ್ಷನ ಬೀದಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪೂಜೆ ನಿಲ್ಲದ ದೇವಾಲಯದ ಮುಂದೆ ಕಾಲಾಂತರದಲ್ಲಿ ಮತ್ತೆ ಜನ ನೆಲಸಿದರು. ಹಳೆಯ ಮಂಟಪಗಳಲ್ಲಿ ಹಣ್ಣುಕಾಯಿಯ ಅಂಗಡಿ, ಉಪಾಹಾರದ ಅಂಗಡಿ, ವಾಸದ ಮನೆಗಳು ಬಂದುವು. ಕಂಬಗಳ ನಡುವೆ ಗೋಡೆಗಳೆದ್ದುವು. ಸ್ಮಾರಕಕ್ಕೆ ಅದರಿಂದ ಹಾನಿಯಾಗುತ್ತಿದ್ದುದೂ ಸುಳ್ಳಲ್ಲ. ೨೦೧೧ರಲ್ಲಿ ಸರ್ಕಾರದವರು ಅವನ್ನೆಲ್ಲ ತೆರವು ಮಾಡಿಸಿದರು. ಕಂಬಗಳು ಉಳಿದುವು, ಅವುಗಳ ನಡುವೆ ಕುಳಿತು ಮಾರುತ್ತಿದ್ದವರು ಬೇರೆ ಕಡೆಗೆ ಹೋಗಬೇಕಾಯಿತು. ಗೋಡೆಯನ್ನು ಕಾಪಾಡುವುದೂ ಮಾರುಕಟ್ಟೆಯನ್ನು ಕಾಪಾಡುವುದೂ ಬೇರೆ ಬೇರೆ ಕೆಲಸಗಳೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ಇನ್ನು ಮೈಸೂರಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಊರಿನ ನಡುವೆ ದಿವಾನ್ ಪೂರ್ಣಯ್ಯನವರ ಕಾಲದ ಒಂದು ಕಾಲುವೆಯಿದ್ದಿತು. ಕಾವೇರಿಯ ನೀರನ್ನು ಊರಿಗೆ ತರಬೇಕೆಂಬ ಉದ್ದೇಶದಿಂದ ತೋಡಿದ ಆ ಕಾಲುವೆ ಉದ್ದೇಶವನ್ನು ಸಾಧಿಸಲಿಲ್ಲ. ಬರಬರುತ್ತ ಅದು ಕೊಳಚೆಯ ಮೋರಿಯಾಯಿತು. ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮುಚ್ಚಿ ಅದರ ಮೇಲೆ ಅಗಲವಾದ ಹೊಸ ರಸ್ತೆಯನ್ನು ಹಾಕಿದರು. ಎರಡು ಪಕ್ಕಕ್ಕೂ ಒಂದೇ ಮಾದರಿಯ ಅಂಗಡಿಗಳು ಬಂದುವು. ಬರೋಡೆಯ ಮಹಾರಾಜರ ಹೆಸರಿನಿಂದ ಅದು ಸಯ್ಯಾಜಿರಾವ್ ರಸ್ತೆಯಾಯಿತು. ಇಂದು ದಸರಾ ಜಂಬೂಸವಾರಿ ಸಾಗುವ ರಸ್ತೆಯೇ ಇದು. ಕೊಳಚೆಯನ್ನು ನೀಗಿ ಊರನ್ನು ಹಸನು ಮಾಡುವ ಈ ಉತ್ಸಾಹದ ಕಾಲದಲ್ಲಿಯೇ, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, ದೇವರಾಜ ಮಾರುಕಟ್ಟೆಯ ಕಟ್ಟಡ ಮೊದಲಾಯಿತು. ಮುಂದಿನ ದಶಕಗಳಲ್ಲಿ ಅದು ಹಂತಹಂತವಾಗಿ ಬೆಳೆಯಿತು. ಸಮೀಪದಲ್ಲಿಯೇ ವೈಸರಾಯ್ ಡಫರಿನ್ನರ ಭೇಟಿಯ ನೆನಪಿಗೆಂದು ಕಟ್ಟಿದ ಗೋಪುರವಿದೆ. ಜನ ಅದನ್ನು ಚಿಕ್ಕ ಗಡಿಯಾರವೆನ್ನುತ್ತಾರೆ. ಮಾರುಕಟ್ಟೆ ಹೊತ್ತಿರುವುದು ಹದಿನೇಳನೆಯ ಶತಮಾನದ ದೊರೆ ದೊಡ್ಡ ದೇವರಾಜ ಒಡೆಯರ ಹೆಸರನ್ನು.

ಹಾಗಾದರೆ ಇಂದು ನಾವು ಹಳೆಯದೆನ್ನುವ ಈ ಮಾರುಕಟ್ಟೆ ಅದರ ಕಾಲಕ್ಕೆ ಹೊಸದಾಗಿದ್ದಿತು. ಹಳೆಯ ಊರಿನ ನಡುವೆ ಯೋಚಿಸಿ ಕಟ್ಟಿದ ಹೊಸ ಸಾರ್ವಜನಿಕ ಕಟ್ಟಡವಾಗಿದ್ದಿತು. ಕಟ್ಟಿದವರು ಯಾವ ಕ್ರಮವನ್ನು ಅನುಸರಿಸಿದರು? ಒಂದೇ ಅಂತಸ್ತು. ಬೀದಿಗೆ ಮುಖವಾಗಿ ಅಂಗಡಿಗಳ ಹೊರಸಾಲು. ಕಮಾನಿನ ಬಾಗಿಲುಗಳಿಂದ ಒಳಕ್ಕೆ ಹೋದರೆ ಓಣಿಗಳು, ತೆರೆದ ಆವರಣಗಳು, ಅಲ್ಲಿ ಸಾಲುಸಾಲಾಗಿ ಹೂವು, ಹಣ್ಣು, ತರಕಾರಿ, ವೀಳೆಯದೆಲೆ, ಅರಿಸಿನ ಕುಂಕುಮ. ಮೈಸೂರು ಮಲ್ಲಿಗೆ, ಮೈಸೂರು ವೀಳೆಯದೆಲೆ, ನಂಜನಗೂಡಿನ ರಸಬಾಳೆ ಎಂದು ನಾಡೆಲ್ಲ ಹೆಸರಾದ ಪದಾರ್ಥಗಳು ಮನೆಮನೆಗೆ ಹೋದದ್ದು ಇಂಥ ಕಟ್ಟೆಗಳ ಮೇಲಿನಿಂದಲೇ. ದೊಡ್ಡ ವರ್ತಕನಿಗೆ ಬೀದಿಯ ಅಂಗಡಿ, ಚಿಕ್ಕ ವ್ಯಾಪಾರಿಗೆ ಒಳಗಿನ ಜಗುಲಿ. ಬುಟ್ಟಿ ಹೊತ್ತು ಬಂದವಳೂ ಮೆಟ್ಟಿಲು ಹತ್ತದೆ ತನ್ನ ಜಾಗವನ್ನು ಸೇರಬಹುದಾಗಿದ್ದಿತು.

ಕಟ್ಟಿದ್ದು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ. ಮೇಲಿನದು ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಸುಣ್ಣದ ಕಾಂಕ್ರೀಟನ್ನು ಹಾಕಿ ಬಡಿದು ಗಟ್ಟಿ ಮಾಡುವ ಪದ್ಧತಿ ಇದು. ಸರಿಯಾಗಿ ನೋಡಿಕೊಂಡರೆ ನೂರು ವರ್ಷ ಬಾಳುತ್ತದೆ. ಇದರ ಶತ್ರು ನೀರು. ತಾರಸಿಯಲ್ಲಿ ನೀರು ನಿಂತರೆ ತೊಲೆಯ ತುದಿ ಗೋಡೆಯೊಳಗೆ ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ. ಸುಣ್ಣದ ಗೋಡೆ ಉಸಿರಾಡುತ್ತದೆಂದು ಹಳೆಯ ಗಾರೆಯವರು ಹೇಳುವುದುಂಟು. ತೇವವನ್ನು ಹೀರಿ ಮತ್ತೆ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಳಿದರೆ ತೇವ ಒಳಗೇ ಸೆರೆಯಾಗಿ ಗೋಡೆಯನ್ನು ತಿನ್ನುತ್ತದೆ. ಹೀಗೆ ಹಳೆಯ ಕಟ್ಟಡಗಳು ಮುಪ್ಪಿನಿಂದ ಬೀಳುವುದಕ್ಕಿಂತ ಉಪೇಕ್ಷೆಯಿಂದಲೂ ತಪ್ಪು ರಿಪೇರಿಯಿಂದಲೂ ಬೀಳುವುದೇ ಹೆಚ್ಚು.

೨೦೧೨ರ ಆಗಸ್ಟ್ ೨೫ರಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಹಳೆಯ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಕಟ್ಟಡ ಅದು. ೨೦೧೬ರ ಆಗಸ್ಟ್ ೨೮ರ ಭಾನುವಾರ ದೇವರಾಜ ಮಾರುಕಟ್ಟೆಯ ಧನ್ವಂತ್ರಿ ರಸ್ತೆಯ ಕಡೆಯ ಬಾಗಿಲ ಭಾಗವೂ ಕುಸಿಯಿತು. ಅಂದಿನಿಂದ ಎರಡು ಪಕ್ಷಗಳಾದುವು. ಜೀವಕ್ಕೆ ಅಪಾಯವಿರುವ ಕಟ್ಟಡವನ್ನು ಕೆಡವಿ ಹಳೆಯದರ ರೂಪದಲ್ಲಿಯೇ ಹೊಸದನ್ನು ಕಟ್ಟಬೇಕೆಂದು ಒಂದು ಪಕ್ಷ. ಬಲಪಡಿಸಿ ಉಳಿಸಲು ಸಾಧ್ಯ, ಒಮ್ಮೆ ಕೆಡವಿದರೆ ಮತ್ತೆ ಬಾರದು ಎಂದು ಇನ್ನೊಂದು ಪಕ್ಷ. ತಜ್ಞರ ಅಭಿಪ್ರಾಯಗಳೂ ಎರಡು ಕಡೆಗೆ ಬಿದ್ದುವು. ವಿವಾದ ನ್ಯಾಯಾಲಯವನ್ನೂ ಕಂಡಿತು. ಎರಡು ಪಕ್ಷದವರ ಕಳವಳವೂ ನಿಜವಾದುದು. ನಾಲ್ವರ ಸಾವನ್ನು ಲಘುವಾಗಿ ಎಣಿಸುವಂತಿಲ್ಲ. ಒಂದು ಊರಿನ ರೂಪವನ್ನು ಅವಸರದಲ್ಲಿ ಅಳಿಸುವಂತೆಯೂ ಇಲ್ಲ. ಇಂಥ ಇಕ್ಕಟ್ಟಿಗೆ ಸಿಕ್ಕಿದ ಊರು ಮೈಸೂರೊಂದೇ ಅಲ್ಲವಾದುದರಿಂದ ಬೇರೆ ಎರಡು ನಗರಗಳು ಏನು ಮಾಡಿದುವೆಂಬುದನ್ನು ತಿಳಿಯುವುದು ಒಳ್ಳೆಯದು.

ಮೊದಲನೆಯದು ಪ್ಯಾರಿಸ್. ಅಲ್ಲಿಯ ‘ಲೇ ಆಲ್’ ಎಂಬ ಮಾರುಕಟ್ಟೆ ಹನ್ನೆರಡನೆಯ ಶತಮಾನದಷ್ಟು ಹಳೆಯದು. ೧೧೮೩ರಲ್ಲಿ ಫಿಲಿಪ್ ಆಗಸ್ಟಸ್ ದೊರೆ ಅಲ್ಲಿ ಮಾಡು ಹೊದಿಸಿದ ಶಾಲೆಗಳನ್ನು ಕಟ್ಟಿಸಿದನು. ಹತ್ತೊಂಬತ್ತನೆಯ ಶತಮಾನದ ನಡುವೆ ಅದನ್ನು ಹೊಸದಾಗಿ ಕಟ್ಟುವ ಕೆಲಸ ವಿಕ್ತೋರ್ ಬಾಲ್ಟಾರನೆಂಬ ಶಿಲ್ಪಿಗೆ ಬಂದಿತು. ಆತ ಮೊದಲು ದಪ್ಪ ಕಲ್ಲಿನ ಗೋಡೆಗಳ ಒಂದು ಮಂಟಪವನ್ನು ಕಟ್ಟಿಸಿದನು. ಜನ ಅದನ್ನು ಕೋಟೆಯೆಂದು ಹಾಸ್ಯ ಮಾಡಿದರು. ಮೂರನೆಯ ನೆಪೋಲಿಯನ್ ಚಕ್ರವರ್ತಿ ೧೮೫೩ರಲ್ಲಿ ಕೆಲಸವನ್ನು ನಿಲ್ಲಿಸಿಬಿಟ್ಟನು. ಮಾರುಕಟ್ಟೆಗೆ ಬೇಕಾದದ್ದು ದೊಡ್ಡ ದೊಡ್ಡ ಕೊಡೆಗಳು, ಅಷ್ಟೇ ಸಾಕೆಂಬುದು ಆತನ ಅಭಿಪ್ರಾಯವಾಗಿದ್ದಿತು. ಬಾಲ್ಟಾರನು ನಕ್ಷೆಯನ್ನು ತಿದ್ದಿದನು. ತೆಳ್ಳನೆಯ ಕಬ್ಬಿಣದ ಕಂಬಗಳು, ಮೇಲೆ ಬೆಳಕು ಗಾಳಿಗಳಿಗೆ ಕಂಡಿ ಬಿಟ್ಟ ಎತ್ತರದ ಮಾಡು, ಮಂಟಪ ಮಂಟಪಗಳ ನಡುವೆ ಮಾಡು ಹೊದಿಸಿದ ಬೀದಿಗಳು, ಕೆಳಗೆ ಸರಕನ್ನು ಇಡುವ ನೆಲಮಾಳಿಗೆ. ೧೮೭೪ರ ಹೊತ್ತಿಗೆ ಹತ್ತು ಮಂಟಪಗಳು ನಿಂತುವು. ಮಾರುವವರಿಗೆ ಬೇಕಾದದ್ದನ್ನು ಅರಿತು ಮಾಡಿದ ಆ ವಿನ್ಯಾಸ ಬೇರೆ ಅನೇಕ ನಗರಗಳಿಗೆ ಮಾದರಿಯಾಯಿತು. ಎಮಿಲ್ ಜೋಲಾ ಒಂದು ಕಾದಂಬರಿಯನ್ನೇ ಆ ಮಾರುಕಟ್ಟೆಯ ಮೇಲೆ ಬರೆದನು. ಅದರ ಹೆಸರಿನಲ್ಲಿ ಮಾರುಕಟ್ಟೆಯನ್ನು ಪ್ಯಾರಿಸ್ಸಿನ ಹೊಟ್ಟೆಯೆಂದು ಕರೆದಿದ್ದಾನೆ.

ಊರು ಬೆಳೆಯಿತು. ಗಾಡಿಗಳ ನೂಕುನುಗ್ಗಲು ಅತಿಯಾಯಿತು. ೧೯೬೯ರಲ್ಲಿ ಸಗಟು ವ್ಯಾಪಾರವನ್ನು ಊರ ಹೊರಗಿನ ರುಂಜಿಸ್ ಎಂಬಲ್ಲಿಗೆ ಸಾಗಿಸಿದರು. ಅದಕ್ಕೆ ಕಾರಣವಿದ್ದಿತೆಂದು ಒಪ್ಪಬಹುದು. ಆದರೆ ಬರಿದಾದ ಮಂಟಪಗಳನ್ನು ಏನು ಮಾಡಬೇಕೆಂಬುದನ್ನು ಸಾವಧಾನವಾಗಿ ಯೋಚಿಸಲಿಲ್ಲ. ಜನರ ವಿರೋಧವನ್ನು ಕೇಳದೆ ೧೯೭೧ರಿಂದ ಅವನ್ನು ಕೆಡವಿದರು. ಒಂದು ಮಂಟಪವನ್ನು ಮಾತ್ರ ಬಿಚ್ಚಿ ನೊಜಾನ್ ಎಂಬ ಊರಿನಲ್ಲಿ ಮತ್ತೆ ಜೋಡಿಸಿದರು. ಇನ್ನೊಂದರ ತುಣುಕು ಜಪಾನಿನ ಯೊಕೊಹಾಮವನ್ನು ಸೇರಿತು. ನಗರದ ಹೃದಯದಲ್ಲಿ ವರ್ಷಗಟ್ಟಲೆ ಒಂದು ದೊಡ್ಡ ಗುಂಡಿ ಬಾಯ್ದೆರೆದುಕೊಂಡಿದ್ದಿತು. ೧೯೭೯ರಲ್ಲಿ ಆ ಗುಂಡಿಯೊಳಗೆ ನೆಲದಡಿಯ ಅಂಗಡಿಗಳ ಸಂಕೀರ್ಣವೊಂದು ತೆರೆಯಿತು. ಅದೂ ಜನರ ಮನಸ್ಸಿಗೆ ಹಿಡಿಸಲಿಲ್ಲ. ಮೇಲಿನ ಭಾಗವನ್ನು ಮತ್ತೆ ಬಿಚ್ಚಿ, ಗಾಜು ಉಕ್ಕುಗಳ ಭಾರಿ ಚಾವಣಿಯನ್ನು ಹೊದಿಸಿ ೨೦೧೬ರಲ್ಲಿ ಪುನಃ ತೆರೆದರು. ಐವತ್ತು ವರ್ಷದೊಳಗೆ ಎರಡು ಸಲ ಕಟ್ಟಿದಂತಾಯಿತು. ಎಂಟು ನೂರು ವರ್ಷ ಕೂಡಿದ್ದ ಮಾರುಕಟ್ಟೆ ಮಾತ್ರ ಹಿಂದಿರುಗಲಿಲ್ಲ.

ಎರಡನೆಯದು ಸ್ಪೇನ್ ದೇಶದ ಬಾರ್ಸಿಲೋನಾ. ಅಲ್ಲಿಯ ಹಳೆಯ ಊರಿನ ಇಕ್ಕಟ್ಟಾದ ಬೀದಿಗಳ ನಡುವೆ ಸಾಂತಾ ಕತೆರಿನಾ ಎಂಬ ಕ್ರೈಸ್ತ ಮಠವಿದ್ದಿತು. ೧೮೩೭ರಲ್ಲಿ ಮಠವನ್ನು ಕೆಡವಿದರು. ೧೮೪೮ರಲ್ಲಿ ಆ ಸ್ಥಳದಲ್ಲಿ ಮಾರುಕಟ್ಟೆ ತೆರೆಯಿತು. ನೂರೈವತ್ತು ವರ್ಷಗಳಲ್ಲಿ ಅದೂ ಜೀರ್ಣವಾಯಿತು. ಹೊಸ ವಿನ್ಯಾಸದ ಕೆಲಸವನ್ನು ೧೯೯೭ರಲ್ಲಿ ಎನ್ರಿಕ್ ಮಿರಾಯೆಸ್ ಮತ್ತು ಆತನ ಪತ್ನಿ ಬೆನೆದೆತ್ತಾ ತಲ್ಯಾಬುವೆ ಎಂಬ ಶಿಲ್ಪಿಗಳಿಗೆ ಒಪ್ಪಿಸಿದರು. ಅವರು ಹಳೆಯ ಹೊರಗೋಡೆಗಳನ್ನು ಕೆಡವಲಿಲ್ಲ. ಮೂರು ಪಕ್ಕದ ಗೋಡೆಗಳನ್ನು ಹಾಗೆಯೇ ನಿಲ್ಲಿಸಿ, ಮೇಲೆ ಅಲೆಯಲೆಯಾದ ಹೊಸ ಮಾಡನ್ನು ಹೊದಿಸಿದರು. ಮಾಡಿಗೆ ಹೊದಿಸಿದ ಪಿಂಗಾಣಿ ಬಿಲ್ಲೆಗಳು ೩,೨೫,೦೦೦. ಅವುಗಳ ಬಣ್ಣಗಳು ೬೭. ಹಣ್ಣು ತರಕಾರಿಗಳ ರಾಶಿಯಂತೆ ಕಾಣಬೇಕೆಂಬುದು ಉದ್ದೇಶ. ಬೀದಿಯಲ್ಲಿ ನಡೆಯುವವನಿಗೆ ಹಳೆಯ ಗೋಡೆಯೇ ಕಾಣುತ್ತದೆ. ಸುತ್ತಣ ಎತ್ತರದ ಮನೆಗಳ ಕಿಟಕಿಯಿಂದ ನೋಡುವವರಿಗೆ ಆ ಬಣ್ಣದ ಮಾಡು ಕಾಣುತ್ತದೆ. ನೆಲವನ್ನು ಅಗೆಯುವಾಗ ಹಳೆಯ ಮಠದ ಅವಶೇಷಗಳು ಸಿಕ್ಕಿದುವು. ಕೆಲಸ ತಡವಾಯಿತು, ಆದರೆ ಅವನ್ನು ಮುಚ್ಚಿಬಿಡದೆ ಒಂದು ಮೂಲೆಯಲ್ಲಿ ಜನರು ನೋಡುವಂತೆ ಉಳಿಸಿದರು. ಅಷ್ಟು ದಿನವೂ ವ್ಯಾಪಾರಿಗಳು ಅದೇ ನಗರದಲ್ಲಿ ಕಟ್ಟಿಸಿಕೊಟ್ಟ ತಾತ್ಕಾಲಿಕ ಮಾರುಕಟ್ಟೆಯಲ್ಲಿ ಮಾರುತ್ತಿದ್ದರು. ಮಿರಾಯೆಸ್ ೨೦೦೦ದಲ್ಲಿ ತೀರಿಕೊಂಡನು. ಪತ್ನಿ ಕೆಲಸವನ್ನು ಮುಂದುವರಿಸಿದಳು. ೨೦೦೫ರಲ್ಲಿ ಮಾರುಕಟ್ಟೆ ತೆರೆಯಿತು.

ಎರಡು ನಗರಗಳಿಗೂ ಹಣವಿದ್ದಿತು, ವಿದ್ಯೆಯಿದ್ದಿತು, ಹೆಸರಾಂತ ಶಿಲ್ಪಿಗಳಿದ್ದರು. ಒಂದು ಕಡೆ ಸ್ಥಳಕ್ಕೆ ಏನು ಕಟ್ಟಬೇಕೆಂಬ ಯೋಚನೆಯೇ ಮುಂದಾಯಿತು. ಇನ್ನೊಂದು ಕಡೆ ಮಾರುವವರು ಎಲ್ಲಿ ಕೂರಬೇಕೆಂಬ ಯೋಚನೆ ಮುಂದಾಯಿತು. ಫಲದ ವ್ಯತ್ಯಾಸಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಹಳೆಯದನ್ನು ಬಿಟ್ಟು ಹೊಸದನ್ನು ಕಟ್ಟುವುದು ಮೈಸೂರಿಗೂ ಅಪರಿಚಿತವಲ್ಲ. ೧೮೯೭ರಲ್ಲಿ ಮದುವೆಯ ಸಂಭ್ರಮದ ನಡುವೆ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದಾಗ ಅದೇ ಸ್ಥಳದಲ್ಲಿ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಹೊಸದನ್ನು ಕಟ್ಟಲಾಯಿತು. ೧೯೧೨ರಲ್ಲಿ ಅದು ಮುಗಿಯಿತು. ಮರದ ಬದಲು ಕಲ್ಲು, ಇಟ್ಟಿಗೆ, ಕಬ್ಬಿಣಗಳು ಬಂದುವು. ಆದರೆ ದಸರಾ ದರ್ಬಾರಿಗೆ ತಕ್ಕ ವಿಶಾಲವಾದ ತೊಟ್ಟಿ, ಜನ ನೋಡಲು ತಕ್ಕ ಮುಂದಿನ ಬಯಲು ಎಲ್ಲವೂ ನಕ್ಷೆಯಲ್ಲಿ ಸ್ಥಾನ ಪಡೆದುವು. ಪದಾರ್ಥ ಹೊಸದಾದರೂ ಪದ್ಧತಿ ಉಳಿಯಿತು. ಅರಮನೆಗೆ ಸಂದ ಈ ಮರ್ಯಾದೆ ಮಾರುಕಟ್ಟೆಗೂ ಸಲ್ಲಬೇಕು.

ಆದುದರಿಂದ ಯಾವ ಊರಿನ ಹಳೆಯ ಪೇಟೆಯಲ್ಲಾಗಲಿ ಮಾರುಕಟ್ಟೆಯನ್ನು ಕಟ್ಟುವಾಗ ನಕ್ಷೆ ಬರೆಯುವವರನ್ನು ನಾಗರಿಕರು ಕೆಲವು ಪ್ರಶ್ನೆಗಳನ್ನು ಕೇಳಬಹುದು. ಚಿಕ್ಕ ವ್ಯಾಪಾರಿಗೆ ನೆಲಮಟ್ಟದಲ್ಲಿ ಜಾಗವಿದೆಯೆ? ಸೊಪ್ಪು ಮಾರುವವಳು ಮಹಡಿಯನ್ನು ಹತ್ತಲಾರಳು. ಎರಡು ಕಟ್ಟು ಸೊಪ್ಪಿಗಾಗಿ ಕೊಳ್ಳುವವರೂ ಹತ್ತಲೊಲ್ಲರು. ಬೆಳಕು, ಗಾಳಿಗಳು ಮೇಲಿನಿಂದ ಬರುತ್ತವೆಯೆ? ಹೂವೂ ಹಣ್ಣೂ ಬಿಸಿ ಗಾಳಿಯಲ್ಲಿ ಬಾಡುತ್ತವೆ. ಬಣ್ಣ ಕಾಣದ ಕತ್ತಲಲ್ಲಿ ಯಾರೂ ಬದನೆಕಾಯಿಯನ್ನು ಆರಿಸಲಾರರು. ಮಳೆಯ ನೀರೂ ತೊಳೆದ ನೀರೂ ಎಲ್ಲಿಗೆ ಹೋಗುತ್ತವೆ? ಕೊಳೆತ ಎಲೆಯನ್ನು ಎಷ್ಟು ಹೊತ್ತಿಗೆ, ಯಾವ ದಾರಿಯಿಂದ ಸಾಗಿಸುತ್ತಾರೆ? ಸರಕಿನ ಗಾಡಿ ಬರುವ ದಾರಿಯೂ ಕೊಳ್ಳುವವರು ನಡೆಯುವ ದಾರಿಯೂ ಬೇರೆಯಾಗಿವೆಯೆ? ಕಟ್ಟಡದ ಎತ್ತರ ನೆರೆಯ ಗಡಿಯಾರ ಗೋಪುರವನ್ನೋ ಗುಡಿಯ ಗೋಪುರವನ್ನೋ ನುಂಗಿಹಾಕುವುದಿಲ್ಲವಷ್ಟೆ? ಇವುಗಳಿಗೆ ಸಮಾಧಾನ ದೊರೆತ ಮೇಲೆ ಕಮಾನು ಹೇಗಿರಬೇಕು, ಬಣ್ಣ ಯಾವುದಿರಬೇಕು ಎಂಬುದನ್ನು ಚರ್ಚಿಸಬಹುದು. ಒಳಗೆ ಹೊಸ ಬಗೆಯ ಮಳಿಗೆಗಳನ್ನು ತುಂಬಿ, ಹೊರಗೆ ಹಳೆಯ ಕಮಾನನ್ನು ಅಂಟಿಸಿದ ಮಾತ್ರಕ್ಕೆ ಪರಂಪರೆ ಉಳಿಯಿತೆಂದು ಹೇಳಲಾಗದು.

ಇನ್ನೂ ಎರಡು ಪ್ರಶ್ನೆಗಳು ನಕ್ಷೆಯ ಕಾಗದದ ಮೇಲೆ ಕಾಣುವುದಿಲ್ಲ. ಆದರೆ ಎಲ್ಲಕ್ಕಿಂತ ಮುಖ್ಯವಾದುವು ಇವೇ. ಕಟ್ಟುವ ಕಾಲದಲ್ಲಿ ವ್ಯಾಪಾರಿಗಳು ಎಲ್ಲಿ ಕೂರುತ್ತಾರೆ? ಕಟ್ಟಿ ಮುಗಿದ ಮೇಲೆ ಅವರು ತೆರಬಹುದಾದ ಬಾಡಿಗೆಗೆ ಅವರ ಜಾಗ ಅವರಿಗೆ ಸಿಕ್ಕುತ್ತದೆಯೆ? ವಾಡಿಕೆಯ ಗಿರಾಕಿ ಎಂಬುದು ಚಿಕ್ಕ ವ್ಯಾಪಾರಿಯ ಏಕಮಾತ್ರ ಬಂಡವಾಳ. ಒಂದೆರಡು ವರ್ಷ ದೂರದಲ್ಲಿ ಕುಳಿತರೆ ಆ ಬಂಡವಾಳ ಕರಗಿಹೋಗುತ್ತದೆ. ಆಮೇಲೆ ಎಷ್ಟು ಸುಂದರವಾದ ಕಟ್ಟೆಯನ್ನು ಕೊಟ್ಟರೂ ಅದು ಹಿಂದಿರುಗಿ ಬಾರದು. ಬಾರ್ಸಿಲೋನಾದವರು ಹೊಸ ಕಟ್ಟಡಕ್ಕಿಂತ ಮೊದಲು ತಾತ್ಕಾಲಿಕ ಮಾರುಕಟ್ಟೆಯನ್ನು ಕಟ್ಟಿದರೆಂಬ ಸಂಗತಿಯನ್ನು ಇಲ್ಲಿ ಮತ್ತೆ ನೆನೆಯಬೇಕು.

ದೇವರಾಜ ಮಾರುಕಟ್ಟೆಯ ಗೋಡೆಗಳು ಬಲಗೊಂಡು ನಿಲ್ಲಲಿ, ಅಥವಾ ಅವುಗಳ ಸ್ಥಾನದಲ್ಲಿ ಬೇರೆ ಗೋಡೆಗಳೇಳಲಿ. ತೀರ್ಮಾನ ಯಾವುದಾದರೂ ಅದನ್ನು ಅಳೆಯುವ ಕೋಲು ಒಂದೇ. ನಸುಕಿನಲ್ಲಿ ಹಳ್ಳಿಯಿಂದ ಮಲ್ಲಿಗೆಯ ಮೊಗ್ಗನ್ನು ತರುವವನಿಗೆ ಅಲ್ಲಿ ಇಳಿಸಲು ಜಾಗವಿರಬೇಕು. ಮೊಳ ಹಾಕಿ ಕೊಡುವವಳಿಗೆ ಕೂರಲು ಕಟ್ಟೆಯಿರಬೇಕು. ಕೊಳ್ಳಲು ಹೋದ ನಮಗೆ ತಲೆಯ ಮೇಲಿನ ತಾರಸಿಯ ಭಯವಿರಬಾರದು.